ಅಗಲಿದವರನ್ನು ಕುರಿತು ಸಂತ ಅಗಸ್ಟೀನನ ವಿಚಾರ

ಮೃತರಾದ ಪ್ರಿಯಜನರ ಪ್ರಶ್ನೆಯು ಕ್ರೈಸ್ತಧರ್ಮದಲ್ಲಿ ಆ ಧರ್ಮದೊಡನೆಯೇ ಹುಟ್ಟಿದುದು. ಹೊಸ ಒಡಂಬಡಿಕೆಯ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವೆಂದು ಬಹುಮಂದಿ ವಿದ್ವಾಂಸರು ಎಣಿಸುವುದು, ಸುಮಾರು ಕ್ರಿ. ಶ. ೫೦ರಲ್ಲಿ ಪೌಲನು ಥೆಸಲೋನಿಕದ ಸಭೆಗೆ ಬರೆದ ಮೊದಲನೆಯ ಪತ್ರವನ್ನು. ಆ ಪತ್ರದಲ್ಲಿಯೇ ಈ ಪ್ರಶ್ನೆಯು ಕಾಣಿಸಿಕೊಂಡಿದೆ. ಅಲ್ಲಿಯ ಹೊಸ ಭಕ್ತರು ಪ್ರಭುವಿನ ಪುನರಾಗಮನವನ್ನು ತಮ್ಮ ಜೀವಿತಕಾಲದಲ್ಲಿಯೇ ನಿರೀಕ್ಷಿಸುತ್ತಿದ್ದರು. ಅಷ್ಟರಲ್ಲಿ ಅವರಲ್ಲಿ ಕೆಲವರು ತೀರಿಕೊಂಡರು. ಹಾಗಾದರೆ ಸತ್ತವರ ಗತಿಯೇನು, ಬದುಕಿರುವವರಿಗೆ ದೊರೆಯುವ ಭಾಗ್ಯವು ಅವರಿಗೆ ತಪ್ಪಿಹೋಯಿತೆ, ಎಂಬ ಸಂಶಯವು ಉಳಿದವರನ್ನು ಬಾಧಿಸತೊಡಗಿತು. ಪೌಲನು ಮೃತರನ್ನು ನಿದ್ರಿಸುವವರೆಂದು ಕರೆದು, ಅವರು ಎದ್ದುಬರುವರೆಂದು ಸಮಾಧಾನ ಹೇಳಿ, ನಿರೀಕ್ಷೆಯಿಲ್ಲದ ಜನರಂತೆ ದುಃಖಿಸಬೇಡಿರೆಂದು ಬರೆದನು. ಈ ವಾಕ್ಯವನ್ನು ಎರಡು ವಿಧವಾಗಿ ಅನ್ವಯಿಸಬಹುದು. ದುಃಖಿಸಲೇ ಬಾರದು, ಏಕೆಂದರೆ ದುಃಖವು ನಿರೀಕ್ಷೆಯಿಲ್ಲದವರ ಲಕ್ಷಣ, ಎಂಬುದು ಒಂದು. ದುಃಖಿಸಬಹುದು, ಆದರೆ ಅವರು ದುಃಖಿಸುವ ರೀತಿಯಲ್ಲಿ ಅಲ್ಲ, ಎಂಬುದು ಇನ್ನೊಂದು. ಮೊದಲ ನಾಲ್ಕು ಶತಮಾನಗಳ ಕ್ರೈಸ್ತ ಗ್ರಂಥಕರ್ತರು ಈ ಎರಡು ಅನ್ವಯಗಳ ನಡುವೆ ತೂಗಾಡಿದರು. ಇವುಗಳಲ್ಲಿ ಎರಡನೆಯದನ್ನು ಸ್ಥಿರಪಡಿಸಿ, ಪಾಶ್ಚಾತ್ಯ ಸಭೆಗೆ ಅದನ್ನು ಸ್ವತ್ತಾಗಿ ಬಿಟ್ಟುಹೋದವರಲ್ಲಿ ಹಿಪ್ಪೋ ನಗರದ ಬಿಷಪ್ ಅಗಸ್ಟೀನನು (೩೫೪–೪೩೦) ಮುಖ್ಯನು. ಆತನು ಈ ನಿರ್ಣಯಕ್ಕೆ ಬಂದುದು ತರ್ಕದಿಂದ ಮಾತ್ರವಲ್ಲ. ಸ್ನೇಹಿತನನ್ನೂ ತಾಯಿಯನ್ನೂ ಮಗನನ್ನೂ ಕಳೆದುಕೊಂಡ ಅನುಭವದಿಂದ.

ಅಗಸ್ಟೀನನಿಗಿಂತ ಹಿಂದಿನವರ ಸಂಗತಿಯನ್ನು ಸಂಕ್ಷೇಪವಾಗಿ ತಿಳಿದುಕೊಳ್ಳುವುದು ಅವಶ್ಯ. ರೋಮನರಲ್ಲಿ ಸಾಂತ್ವನಗ್ರಂಥಗಳೆಂಬ ಒಂದು ಸಾಹಿತ್ಯಪ್ರಕಾರವೇ ಇದ್ದಿತು. ಮಗಳು ತುಲ್ಲಿಯಾ ತೀರಿಕೊಂಡಾಗ ಸಿಸೆರೋ ಕ್ರಿ. ಪೂ. ೪೫ರಲ್ಲಿ ತನಗೆ ತಾನೇ ಇಂತಹ ಗ್ರಂಥವೊಂದನ್ನು ಬರೆದುಕೊಂಡನು. ಅದು ಈಗ ಉಪಲಬ್ಧವಿಲ್ಲ. ಸೆನೆಕನು ಪುತ್ರಶೋಕದಲ್ಲಿದ್ದ ಮಾರ್ಸಿಯಾ ಎಂಬ ಸ್ತ್ರೀಗೆ ಬರೆದುದು ಉಳಿದಿದೆ. ಮರಣವು ಸರ್ವಸಾಮಾನ್ಯ, ಅಳುವುದರಿಂದ ಫಲವಿಲ್ಲ, ವಿವೇಕಿಯಾದವನು ಮನೋವಿಕಾರಗಳಿಗೆ ವಶನಾಗನು ಎಂಬಿವು ಅವುಗಳ ಸಾರ. ಸ್ತೋಯಿಕರ ಈ ನಿರ್ವಿಕಾರತ್ವದ ಆದರ್ಶವು ಕ್ರೈಸ್ತರಲ್ಲಿಯೂ ಹೊಕ್ಕಿತು. ಕಾರ್ಥೇಜಿನ ಬಿಷಪ್ ಸಿಪ್ರಿಯನನು ಸುಮಾರು ೨೫೨ರ ಮಹಾಮಾರಿಯ ಕಾಲದಲ್ಲಿ ಮರಣವನ್ನು ಕುರಿತು ಬರೆದ ಪ್ರಬಂಧದಲ್ಲಿ, ಮೃತರು ಅಲ್ಲಿ ಬಿಳಿಯ ವಸ್ತ್ರಗಳನ್ನು ಧರಿಸಿರುವಾಗ ಇಲ್ಲಿ ಅವರಿಗಾಗಿ ಕಪ್ಪು ಬಟ್ಟೆಯುಡುವುದು ಸಲ್ಲದೆಂದನು. ಜೆರೋಮನು ೩೮೪ರಲ್ಲಿ ತರುಣ ವಯಸ್ಸಿನ ಮಗಳು ಬ್ಲೆಸಿಲ್ಲಾಳನ್ನು ಕಳೆದುಕೊಂಡು ಶವಸಂಸ್ಕಾರದ ಕಾಲದಲ್ಲಿ ಮೂರ್ಛೆಹೋದ ಪೌಲಾ ಎಂಬ ತಾಯಿಗೆ ಪತ್ರ ಬರೆದು, ಮೊದಲು ತಾನೂ ಅಳುತ್ತಿರುವೆನೆಂದು ಒಪ್ಪಿಕೊಂಡು, ಅನಂತರ ಆಕೆಯ ಶೋಕದ ಅತಿರೇಕವನ್ನು ಕಟುವಾಗಿಯೇ ಖಂಡಿಸಿದನು. ಆ ಪತ್ರದ ಪಾಂಡಿತ್ಯವನ್ನು ಮೆಚ್ಚಬಹುದು; ಅದನ್ನು ಓದಿದ ತಾಯಿಗೆ ಏನನ್ನಿಸಿರಬೇಕೆಂಬುದು ಬೇರೆಯ ಮಾತು. ಮಿಲಾನಿನ ಆಂಬ್ರೋಸನು ಮಾತ್ರ ತನ್ನ ಸಹೋದರ ಸಾತೀರನ ಸಮಾಧಿಯೆದುರಿನಲ್ಲಿ ನಿಂತು ಕಣ್ಣೀರಿಗೆ ಅವಕಾಶ ಕೊಟ್ಟು ಮಾತನಾಡಿದನು. ಏಳನೆಯ ದಿನ ಆತನು ಮಾಡಿದ ಎರಡನೆಯ ಉಪನ್ಯಾಸವು ಪುನರುತ್ಥಾನವನ್ನು ಕುರಿತದ್ದು. ಈ ಆಂಬ್ರೋಸನೇ ಮುಂದೆ ಅಗಸ್ಟೀನನಿಗೆ ದೀಕ್ಷಾಸ್ನಾನ ಮಾಡಿಸಿದ ಗುರುವು.

ಅಗಸ್ಟೀನನು ಉತ್ತರ ಆಫ್ರಿಕದ ತಗಾಸ್ತೆ ಎಂಬ ಊರಿನಲ್ಲಿ, ಈಗಿನ ಅಲ್ಜೀರಿಯದ ಸೂಕ್ ಅಹ್ರಾಸಿನಲ್ಲಿ, ಜನಿಸಿದನು. ತಂದೆ ಪಾತ್ರಿಸಿಯನು ಮಗನ ಹದಿಹರೆಯದಲ್ಲಿಯೇ ತೀರಿಕೊಂಡನು. ೩೯೭ರಿಂದ ಸುಮಾರು ೪೦೧ರ ವರೆಗೆ ರಚಿತವಾದ ‘ಆತ್ಮನಿವೇದನೆ’ಯಲ್ಲಿ ಈ ಸಂಗತಿಯು ಬೇರೊಂದು ಮಾತಿನ ನಡುವೆ ತೂರಿಬರುತ್ತದೆಯೇ ಹೊರತು, ಅದಕ್ಕೆ ಪ್ರತ್ಯೇಕವಾದ ಒಂದು ವಾಕ್ಯವೂ ಮೀಸಲಾಗಿಲ್ಲ. ಆತನನ್ನು ಮೊದಲು ಅಲ್ಲಾಡಿಸಿದ ಮರಣವು ಸ್ನೇಹಿತನೊಬ್ಬನದು. ಇದು ನಡೆದುದು ಸುಮಾರು ೩೭೬ರಲ್ಲಿ. ಆಗ ಅಗಸ್ಟೀನನು ಹುಟ್ಟೂರಿನಲ್ಲಿ ಉಪಾಧ್ಯಾಯನಾಗಿದ್ದನು. ಮತದಿಂದ ಮಣಿಯ ಅನುಯಾಯಿ. ಬೆಳಕು ಕತ್ತಲೆಗಳೆಂಬ ಎರಡು ಅನಾದಿ ತತ್ತ್ವಗಳನ್ನು ಹೇಳುವ ಆ ಮತಕ್ಕೆ ತನ್ನ ಸಹಪಾಠಿಯಾಗಿದ್ದ ಒಬ್ಬ ತರುಣನನ್ನೂ ಸೆಳೆದುಕೊಂಡಿದ್ದನು. ಅವರ ಸ್ನೇಹವು ಗಾಢವಾಗಿ ಒಂದು ವರ್ಷವೂ ತುಂಬಿರಲಿಲ್ಲ. ತರುಣನಿಗೆ ಜ್ವರ ಬಂದು ಪ್ರಜ್ಞೆ ತಪ್ಪಿತು. ಮನೆಯವರು ಆ ಸ್ಥಿತಿಯಲ್ಲಿಯೇ ಅವನಿಗೆ ದೀಕ್ಷಾಸ್ನಾನ ಮಾಡಿಸಿದರು. ಅವನು ಚೇತರಿಸಿಕೊಂಡಾಗ ಅಗಸ್ಟೀನನು, ಎಚ್ಚರವಿಲ್ಲದೆ ಪಡೆದ ಆ ಸ್ನಾನವನ್ನು ಇಬ್ಬರೂ ಕೂಡಿ ನಗಬಹುದೆಂದು ಭಾವಿಸಿ ಪರಿಹಾಸ ಮಾಡಿದನು. ರೋಗಿಯು ನಗಲಿಲ್ಲ. ಶತ್ರುವನ್ನು ನೋಡುವಂತೆ ನೋಡಿ, ಸ್ನೇಹವು ಬೇಕಾದರೆ ಇಂತಹ ಮಾತನ್ನು ಬಿಡಬೇಕೆಂದು ಎಚ್ಚರಿಸಿದನು. ಅವನು ಪೂರ್ತಿ ಗುಣವಾದ ಮೇಲೆ ವಾದಿಸೋಣವೆಂದು ಅಗಸ್ಟೀನನು ಸುಮ್ಮನಾದನು. ಕೆಲವು ದಿನಗಳಲ್ಲಿ ಜ್ವರ ಮರುಕಳಿಸಿತು. ಅಗಸ್ಟೀನನು ಹತ್ತಿರದಲ್ಲಿ ಇಲ್ಲದಿರುವಾಗ ಅವನು ತೀರಿಕೊಂಡನು.

ಗ್ರಂಥದ ನಾಲ್ಕನೆಯ ಪುಸ್ತಕದಲ್ಲಿ ಬರುವ ಈ ಭಾಗವು ಪ್ರಾಚೀನ ಸಾಹಿತ್ಯದಲ್ಲಿಯೇ ದುರ್ಲಭವಾದುದು. ಮೃತನ ಹೆಸರನ್ನು ಅಗಸ್ಟೀನನು ಎಲ್ಲಿಯೂ ಹೇಳುವುದಿಲ್ಲ. ಆದರೆ ಹುಟ್ಟೂರು ಸೆರೆಮನೆಯಂತಾದುದು, ಸ್ನೇಹಿತನು ಬರುವನೆಂದು ಹೇಳಲಾರದ ಬೀದಿಗಳೆಲ್ಲ ದ್ವೇಷಾರ್ಹವಾದುದು, ಅಳುವೊಂದೇ ಸಿಹಿಯಾಗಿದ್ದುದು, ಇವನ್ನೆಲ್ಲ ಒಂದೊಂದಾಗಿ ವಿವರಿಸುತ್ತಾನೆ. ದುಃಖಿಗಳಿಗೆ ಕಣ್ಣೀರು ಏಕೆ ಸಿಹಿಯಾಗುತ್ತದೆಂದು ದೇವರನ್ನೇ ಕೇಳುತ್ತಾನೆ. ಬದುಕು ಬೇಸರವಾಗಿದ್ದಿತು, ಸಾಯಲು ಭಯವೂ ಇದ್ದಿತು. ಆ ಭಯಕ್ಕೆ, ತಾನು ಸತ್ತರೆ ತನ್ನಲ್ಲಿ ಉಳಿದಿರುವ ಸ್ನೇಹಿತನ ಅರ್ಧವೂ ಸತ್ತುಹೋಗುವುದೆಂಬ ಒಂದು ಕಾರಣವನ್ನು ಆತನು ಊಹಿಸುತ್ತಾನೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಸುಮಾರು ೪೨೭ರಲ್ಲಿ, ಎಪ್ಪತ್ತು ದಾಟಿದ ಅಗಸ್ಟೀನನು ತನ್ನ ಗ್ರಂಥಗಳನ್ನೆಲ್ಲ ಮರುಪರಿಶೀಲಿಸಿ ತಿದ್ದುಪಡಿಗಳ ಪುಸ್ತಕವೊಂದನ್ನು ಬರೆದಾಗ, ಈ ಒಂದು ಮಾತನ್ನು ಎತ್ತಿಕೊಂಡು, ಅದು ಗಂಭೀರವಾದ ನಿವೇದನೆಯಾಗಿರದೆ ಪೊಳ್ಳು ವಾಗ್ಮಿತ್ವವಾಯಿತೆಂದು ಆಕ್ಷೇಪಿಸಿದನು. ಶೋಕವನ್ನು ಆತನು ಹಿಂದೆಗೆದುಕೊಳ್ಳಲಿಲ್ಲ. ಶೋಕದ ಮೇಲೆ ಹಚ್ಚಿದ ಅಲಂಕಾರವನ್ನು ಹಿಂದೆಗೆದುಕೊಂಡನು.

ಆಗ ತನ್ನ ದುಃಖಕ್ಕೆ ಪರಿಹಾರವಿಲ್ಲದಿದ್ದುದಕ್ಕೆ ಆತನು ಕೊಡುವ ಕಾರಣಗಳು ಎರಡು. ದೇವರೆಂದು ತಾನು ನಂಬಿದ್ದುದು ತನ್ನ ಕಲ್ಪನೆಯ ಛಾಯೆಯಾಗಿದ್ದಿತು. ಅದರ ಮೇಲೆ ಭಾರವನ್ನಿಳಿಸಲು ಹೋದರೆ ಭಾರವು ಕೆಳಗೆ ಬಿದ್ದು ಮತ್ತೆ ತನ್ನ ಮೇಲೆಯೇ ಉರುಳುತ್ತಿದ್ದಿತು. ಎರಡನೆಯದು, ಸಾಯಲಿರುವವನನ್ನು ಎಂದೂ ಸಾಯದವನೆಂಬಂತೆ ಪ್ರೀತಿಸಿದುದು. ಮನುಷ್ಯರನ್ನು ಮನುಷ್ಯರಂತೆ ಪ್ರೀತಿಸುವುದನ್ನು ತಿಳಿಯದಿದ್ದುದೇ ಹುಚ್ಚುತನವೆಂದು ಆತನ ನಿರ್ಣಯ. ಸ್ನೇಹಿತನನ್ನು ದೇವರಲ್ಲಿ ಪ್ರೀತಿಸಿದವನಿಗೆ ಮಾತ್ರ ಅವನು ಕಳೆದುಹೋಗುವುದಿಲ್ಲ, ಏಕೆಂದರೆ ದೇವರು ಕಳೆದುಹೋಗುವುದಿಲ್ಲ. ಈ ವಾದದಲ್ಲಿ ಒಂದು ಅಪಾಯವಿದೆ. ‘ಕ್ರೈಸ್ತಬೋಧನೆ’ ಎಂಬ ಗ್ರಂಥದ ಮೊದಲನೆಯ ಪುಸ್ತಕದಲ್ಲಿ ಆತನು, ಪರಮಭೋಗಕ್ಕೆ ಯೋಗ್ಯನು ದೇವರೊಬ್ಬನೇ, ಮಿಕ್ಕುದೆಲ್ಲ ಆತನನ್ನು ಮುಟ್ಟಲು ಉಪಯೋಗಿಸತಕ್ಕದ್ದು, ಎಂದು ವಿಂಗಡಿಸಿದುದನ್ನು ಇದರೊಡನೆ ಓದಿದರೆ, ಮಿತ್ರನು ಏರಿಹೋಗುವ ಮೆಟ್ಟಿಲು ಮಾತ್ರ ಎಂಬ ಅರ್ಥಕ್ಕೆ ಎಡೆಯಾಗುತ್ತದೆ. ೧೯೨೯ರಲ್ಲಿ ಅಗಸ್ಟೀನನ ಪ್ರೇಮಭಾವನೆಯನ್ನು ಕುರಿತು ಪ್ರೌಢಪ್ರಬಂಧವನ್ನು ಪ್ರಕಟಿಸಿದ ಹನ್ನಾ ಆರೆಂಟ್ ಮೊದಲಾದವರು ಈ ತೊಡಕನ್ನು ಬಿಡಿಸಲು ಶ್ರಮಿಸಿದ್ದಾರೆ. ತರ್ಕದ ಮಟ್ಟಿಗೆ ಆಕ್ಷೇಪವು ಬಲವಾದುದೇ. ಆದರೆ ಆತನ ಅಭಿಪ್ರಾಯವನ್ನು ಅಳೆಯಬೇಕಾದರೆ ಒಂದು ವಿಂಗಡಣೆಯನ್ನು ಮಾತ್ರ ನೋಡಿದರೆ ಸಾಲದು. ಒಂಬತ್ತನೆಯ ಪುಸ್ತಕದಲ್ಲಿ ಬರುವ ತಾಯಿಯ ಮರಣವನ್ನು ನೋಡಬೇಕು.

೩೮೬ರಲ್ಲಿ ಅಗಸ್ಟೀನನ ಮನಃಪರಿವರ್ತನೆಯಾಯಿತು. ೩೮೭ರ ಪುನರುತ್ಥಾನದ ಹಬ್ಬದಲ್ಲಿ ಆತನೂ ಮಗ ಅದೆಯೋದಾತನೂ ಮಿತ್ರ ಅಲೀಪಿಯನೂ ಮಿಲಾನಿನಲ್ಲಿ ದೀಕ್ಷಾಸ್ನಾನ ಪಡೆದರು. ಅದೇ ವರ್ಷ ಆಫ್ರಿಕಕ್ಕೆ ಹಿಂತಿರುಗಲು ಹೊರಟು, ರೋಮಿನ ರೇವುಪಟ್ಟಣವಾದ ಓಸ್ತಿಯಾದಲ್ಲಿ ತಂಗಿದರು. ಮಗನ ಉದ್ಧಾರಕ್ಕಾಗಿ ವರ್ಷಗಟ್ಟಲೆ ಅತ್ತು, ಸಮುದ್ರವನ್ನು ದಾಟಿ ಬೆನ್ನಟ್ಟಿ ಬಂದ ತಾಯಿ ಮೋನಿಕಾ ಜೊತೆಯಲ್ಲಿದ್ದಳು. ತೋಟದ ಕಡೆಗೆ ತೆರೆದ ಕಿಟಕಿಯೊಂದರ ಬಳಿ ತಾಯಿಮಕ್ಕಳಿಬ್ಬರೂ ನಿಂತು ಸಂತರ ನಿತ್ಯಜೀವನವನ್ನು ಕುರಿತು ಮಾತನಾಡುತ್ತ, ಕ್ಷಣಕಾಲ ಮಾತನ್ನು ಮೀರಿದ ಸ್ಥಿತಿಯನ್ನು ಮುಟ್ಟಿದರೆಂಬ ವರ್ಣನೆಯು ಪ್ರಸಿದ್ಧವಾಗಿದೆ. ಅದಾದ ಐದಾರು ದಿನಗಳಲ್ಲಿ ಆಕೆಗೆ ಜ್ವರ ಬಂದಿತು. ಒಂಬತ್ತನೆಯ ದಿನ, ತನ್ನ ೫೬ನೆಯ ವರ್ಷದಲ್ಲಿ, ತೀರಿಕೊಂಡಳು. ಮಗನಿಗೆ ಆಗ ೩೩ನೆಯ ವರ್ಷ.

ಈ ಒಂಬತ್ತು ದಿನಗಳಲ್ಲಿ ನಡೆದ ಒಂದು ಸಂಗತಿಯು ಮುಂದಿನ ವಿಚಾರಕ್ಕೆ ಮೂಲವಾಗಿದೆ. ಗಂಡನ ಪಕ್ಕದಲ್ಲಿಯೇ ತನ್ನನ್ನು ಹೂಳಬೇಕೆಂಬುದು ಮೋನಿಕಾಳ ಬಹುಕಾಲದ ಬಯಕೆ. ಅದಕ್ಕಾಗಿ ತಗಾಸ್ತೆಯಲ್ಲಿ ಸಮಾಧಿಸ್ಥಳವನ್ನೂ ಸಿದ್ಧಪಡಿಸಿಕೊಂಡಿದ್ದಳು. ಆದುದರಿಂದ ಇನ್ನೊಬ್ಬ ಮಗ ನವೀಗಿಯನು, ಪರದೇಶದಲ್ಲಿ ಸಾಯದೆ ಸ್ವದೇಶದಲ್ಲಿ ಸಾಯುವಂತಾಗಲೆಂದು ಹಾರೈಸಿದನು. ಆಕೆಯು ಅವನನ್ನು ಅಸಮಾಧಾನದಿಂದ ನೋಡಿದಳು. ಈ ದೇಹವನ್ನು ಎಲ್ಲಿಯಾದರೂ ಇಡಿರಿ, ಅದರ ಚಿಂತೆ ಬೇಡ, ನೀವು ಎಲ್ಲಿದ್ದರೂ ಪ್ರಭುವಿನ ಬಲಿಪೀಠದ ಬಳಿ ನನ್ನನ್ನು ನೆನೆಯಿರಿ, ಎಂಬ ಅಭಿಪ್ರಾಯದ ಮಾತನ್ನು ಹೇಳಿದಳು. ಇಷ್ಟು ದೂರದಲ್ಲಿ ದೇಹವನ್ನು ಬಿಟ್ಟುಹೋಗಲು ಅಂಜಿಕೆಯಿಲ್ಲವೆ ಎಂದು ಬೇರೆಯವರು ಕೇಳಿದಾಗ, ದೇವರಿಗೆ ಯಾವುದೂ ದೂರವಲ್ಲವೆಂದು ಆಕೆಯ ಉತ್ತರ.

ಆಕೆಯ ಕಣ್ಣುಗಳನ್ನು ಅಗಸ್ಟೀನನೇ ಮುಚ್ಚಿದನು. ಬಾಲಕ ಅದೆಯೋದಾತನು ಗಟ್ಟಿಯಾಗಿ ಅಳತೊಡಗಲು ಎಲ್ಲರೂ ಅವನನ್ನು ಸುಮ್ಮನಿರಿಸಿದರು. ಎವೋದಿಯನೆಂಬ ಮಿತ್ರನು ಕೀರ್ತನೆಗಳ ಪುಸ್ತಕವನ್ನು ತೆಗೆದುಕೊಂಡು ಹಾಡಲು ಪ್ರಾರಂಭಿಸಿದನು; ಮನೆಯವರು ಅನುಸರಿಸಿದರು. ಕೆಟ್ಟ ಗತಿಗೆ ಹೋದವರಿಗಾಗಿ, ಅಥವಾ ಪೂರ್ತಿ ಇಲ್ಲವಾದವರಿಗಾಗಿ, ಮಾಡತಕ್ಕ ರೋದನವು ಮೋನಿಕಾಳ ವಿಷಯದಲ್ಲಿ ಯೋಗ್ಯವಲ್ಲವೆಂದು ಅವರು ತಿಳಿದಿದ್ದರು. ಅಗಸ್ಟೀನನು ಕಣ್ಣೀರನ್ನು ಬಲವಂತವಾಗಿ ಒಳಕ್ಕೆ ತಳ್ಳಿದನು. ಬಂದವರೊಡನೆ ಸಮಯಕ್ಕೆ ಒಪ್ಪುವ ವಿಷಯಗಳನ್ನು ಕುರಿತು ಮಾತನಾಡಿದನು. ಸಮಾಧಿಯ ಬಳಿ, ಆ ಊರಿನ ಸಂಪ್ರದಾಯದಂತೆ ಶವವನ್ನು ಪಕ್ಕದಲ್ಲಿರಿಸಿ, ಪವಿತ್ರ ಬಲಿಯನ್ನು ಅರ್ಪಿಸಿದಾಗಲೂ ಅಳಲಿಲ್ಲ. ಆತನು ತನ್ನನ್ನು ತಾನೇ ಗದರಿಸಿಕೊಳ್ಳುತ್ತಿದ್ದನು. ದುಃಖವಾಗುತ್ತಿದೆಯೆಂಬುದಕ್ಕಾಗಿಯೇ ಇನ್ನೊಂದು ದುಃಖವನ್ನು ಪಡುತ್ತಿದ್ದನು. ಸ್ನಾನವು ಮನಸ್ಸಿನ ವ್ಯಥೆಯನ್ನು ಹೊರಡಿಸುತ್ತದೆ, ಗ್ರೀಕರು ಸ್ನಾನಗೃಹಕ್ಕೆ ಇಟ್ಟ ಹೆಸರಿನ ಅರ್ಥವೇ ಅದು, ಎಂದು ಕೇಳಿದ್ದುದರಿಂದ ಸ್ನಾನಗೃಹಕ್ಕೂ ಹೋಗಿಬಂದನು. ಸ್ನಾನದಿಂದ ಯಾವ ಪ್ರಯೋಜನವೂ ಆಗಲಿಲ್ಲವೆಂದು ಪ್ರಾಮಾಣಿಕವಾಗಿ ದಾಖಲೆಮಾಡುತ್ತಾನೆ. ಬಳಿಕ ನಿದ್ರೆ ಬಂದಿತು. ಎಚ್ಚರವಾದಾಗ, ಹಗಲಿನ ಶ್ರಮದ ಬಳಿಕ ರಾತ್ರಿಯ ವಿಶ್ರಾಂತಿಯನ್ನು ಕೊಡುವ ದೇವರನ್ನು ಕುರಿತು ಆಂಬ್ರೋಸನು ರಚಿಸಿದ ಸ್ತೋತ್ರವು ನೆನಪಿಗೆ ಬಂದಿತು. ಅದರೊಡನೆ ತಾಯಿಯ ನೆನಪೂ ಬಂದು, ಹಾಸಿಗೆಯಲ್ಲಿ ಒಂಟಿಯಾಗಿದ್ದ ಆತನು ತಡೆಹಿಡಿದ ಕಣ್ಣೀರನ್ನು ಹರಿಯಬಿಟ್ಟನು. ಅಳು ಒಂದು ಗಂಟೆಯ ಅಲ್ಪಭಾಗದಷ್ಟು ಕಾಲ ಮಾತ್ರ ನಡೆಯಿತಂತೆ. ತನಗಾಗಿ ಅಷ್ಟು ವರ್ಷ ಅತ್ತ ತಾಯಿಗಾಗಿ ಇಷ್ಟು ಹೊತ್ತು ಅತ್ತುದನ್ನು ಪಾಪವೆನ್ನುವವನು ನಗದಿರಲಿ, ಅವನಲ್ಲಿ ಪ್ರೀತಿಯಿದ್ದರೆ ತನ್ನ ಪಾಪಗಳಿಗಾಗಿ ಅಳಲಿ, ಎಂದು ಓದುವವನಿಗೆ ಆತನ ಬಿನ್ನಹ.

ಎರಡು ಶೋಕಗಳನ್ನು ಹೋಲಿಸಿ ನೋಡಿದರೆ ಬೇರೆತನವು ಸ್ಪಷ್ಟವಾಗುತ್ತದೆ. ಸ್ನೇಹಿತನ ಮರಣದಲ್ಲಿ ಅಗಸ್ಟೀನನ ಕಣ್ಣೆಲ್ಲ ತನ್ನ ಮೇಲೆಯೇ ಇದ್ದಿತು. ಮೃತನು ಹೇಗಿದ್ದನೆಂಬುದೇ ಓದುವವರಿಗೆ ತಿಳಿಯದು. ತಾಯಿಯ ಮರಣದ ಕಥನದಲ್ಲಿ ಆಕೆಯ ಬಾಲ್ಯ, ದಾಂಪತ್ಯ, ಅತ್ತೆಯೊಡನೆ ನಡೆದುಕೊಂಡ ರೀತಿ, ಚಿಕ್ಕಂದಿನಲ್ಲಿ ಕದ್ದು ಕುಡಿಯುತ್ತಿದ್ದ ದ್ರಾಕ್ಷಾರಸ, ಎಲ್ಲವೂ ಬರುತ್ತವೆ. ಆಕೆಯನ್ನು ನಿರ್ದೋಷಿಯೆಂದು ಆತನು ಹೊಗಳುವುದಿಲ್ಲ. ಆಕೆಯ ಪಾಪಗಳನ್ನು ಕ್ಷಮಿಸಬೇಕೆಂದು ಬೇಡುತ್ತಾನೆ. ಕೊನೆಯಲ್ಲಿ ಗ್ರಂಥವನ್ನು ಓದುವವರೆಲ್ಲರೂ ಮೋನಿಕಾಳನ್ನೂ ಆಕೆಯ ಪತಿ ಪಾತ್ರಿಸಿಯನನ್ನೂ ಬಲಿಪೀಠದ ಬಳಿ ನೆನೆಯಲೆಂದು ಕೇಳಿಕೊಳ್ಳುತ್ತಾನೆ. ತಾಯಿಯ ಹೆಸರು ಆ ಗ್ರಂಥದಲ್ಲಿ ಕಾಣಿಸಿಕೊಳ್ಳುವುದು ಇಲ್ಲಿ ಮಾತ್ರ. ಮೊದಲನೆಯ ಶೋಕಕ್ಕೆ ಮಾಡಲು ಕೆಲಸವಿರಲಿಲ್ಲ. ಎರಡನೆಯದಕ್ಕೆ ಪ್ರಾರ್ಥನೆಯೆಂಬ ಕೆಲಸವು ದೊರೆಯಿತು.

ಮಗನ ವಿಷಯದಲ್ಲಿ ಆತನು ಬಹುಮಟ್ಟಿಗೆ ಮೌನಿ. ಅದೆಯೋದಾತನು ಸುಮಾರು ೧೬ನೆಯ ವಯಸ್ಸಿನಲ್ಲಿ ತಂದೆಯೊಡನೆ ನಡೆಸಿದ ಸಂಭಾಷಣೆಯು ‘ಗುರು’ ಎಂಬ ಗ್ರಂಥವಾಗಿ ಉಳಿದಿದೆ. ಅಲ್ಲಿ ಮಗನ ಬಾಯಿಂದ ಬರುವ ವಿಚಾರಗಳೆಲ್ಲ ಅವನವೇ ಎಂದು ತಂದೆಯು ಸಾಕ್ಷಿ ಹೇಳಿದ್ದಾನೆ. ಸ್ವಲ್ಪಕಾಲದಲ್ಲಿಯೇ ಹುಡುಗನು ತೀರಿಕೊಂಡನು. ದೇವರು ಅವನನ್ನು ಬೇಗನೆ ಭೂಮಿಯಿಂದ ಕರೆದುಕೊಂಡನೆಂದೂ, ಅವನನ್ನು ನೆನೆಯುವಾಗ ತನಗೆ ಕಳವಳವಿಲ್ಲವೆಂದೂ ಒಂದೆರಡು ವಾಕ್ಯಗಳಲ್ಲಿ ಹೇಳಿ ಅಗಸ್ಟೀನನು ಮುಂದೆ ಸಾಗುತ್ತಾನೆ. ಸ್ನೇಹಿತನಿಗೆ ಅಷ್ಟು ಪುಟಗಳು, ಮಗನಿಗೆ ಇಷ್ಟು ಕಡಮೆ, ಏಕೆ? ಅತಿಯಾದ ದುಃಖವೇ ಇದಕ್ಕೆ ಕಾರಣವೆಂದು ಕೆಲವರು, ಶಾಂತಿಯೆಂದು ಕೆಲವರು ವ್ಯಾಖ್ಯಾನಿಸಿದ್ದಾರೆ. ಮೌನಕ್ಕೆ ಇಂತಹದೇ ಅರ್ಥವೆಂದು ಹೇಳುವುದು ಸಾಹಸವಾದೀತು.

ಬಿಷಪ್ಪನಾದ ಮೇಲೆ ಅಗಸ್ಟೀನನು ಬೇರೆಯವರ ದುಃಖಕ್ಕೆ ಉತ್ತರ ಹೇಳಬೇಕಾದ ಸ್ಥಾನದಲ್ಲಿದ್ದನು. ಥೆಸಲೋನಿಕದವರಿಗೆ ಬರೆದ ವಾಕ್ಯವನ್ನು ಕುರಿತ ಉಪದೇಶಗಳಲ್ಲಿ, ಪೌಲನು ದುಃಖಿಸಬೇಡಿರೆಂದು ಸುಮ್ಮನೆ ಹೇಳಲಿಲ್ಲ, ನಿರೀಕ್ಷೆಯಿಲ್ಲದವರಂತೆ ಎಂದು ಸೇರಿಸಿದನು, ಎಂಬುದನ್ನು ಒತ್ತಿ ಹೇಳಿದನು. ಪ್ರಕೃತಿಯು ಮರಣಕ್ಕೆ ಅಸಹ್ಯಪಡುತ್ತದೆ. ಅಳು ಬರುವುದು ಅನಿವಾರ್ಯ. ನಂಬಿಕೆಯು ಆ ಅಳುವಿಗೆ ಒಂದು ಮಿತಿಯನ್ನೂ ಸಮಾಧಾನವನ್ನೂ ಕೊಡುತ್ತದೆ. ಲಾಜರನ ಸಮಾಧಿಯ ಬಳಿ, ಇನ್ನು ಕೆಲವು ಕ್ಷಣಗಳಲ್ಲಿ ಅವನನ್ನು ಎಬ್ಬಿಸಲಿದ್ದ ಕ್ರಿಸ್ತನೇ ಕಣ್ಣೀರಿಟ್ಟನು. ‘ದೇವರ ನಗರ’ದ ಹದಿನಾಲ್ಕನೆಯ ಪುಸ್ತಕದಲ್ಲಿ ಸ್ತೋಯಿಕರ ನಿರ್ವಿಕಾರತ್ವವನ್ನು ಈ ಆಧಾರದ ಮೇಲೆಯೇ ಅಲ್ಲಗಳೆದು, ಈ ಲೋಕದಲ್ಲಿ ನೋವೇ ಇಲ್ಲದ ಮನಸ್ಸು ಆರೋಗ್ಯವಲ್ಲ, ಜಡತ್ವವೆಂದು ತೀರ್ಮಾನಿಸಿದನು. ಹತ್ತೊಂಬತ್ತನೆಯ ಪುಸ್ತಕದ ವಾದವು ಇನ್ನೂ ನೇರವಾದುದು: ಮಿತ್ರನ ಮರಣಕ್ಕೆ ದುಃಖಪಡಬಾರದೆನ್ನುವವನು ಮೊದಲು ಮಿತ್ರರೊಡನೆ ಸಲ್ಲಾಪವನ್ನೇ ನಿಷೇಧಿಸಲಿ, ಸ್ನೇಹದ ಬಂಧಗಳನ್ನೇ ಕಡಿದುಹಾಕಲಿ. ಅದು ಸಾಧ್ಯವಿಲ್ಲವಾದರೆ, ಯಾರ ಬದುಕು ಸಿಹಿಯಾಗಿದ್ದಿತೋ ಅವರ ಮರಣವು ಕಹಿಯಾಗದಿರಲು ಹೇಗೆ ಸಾಧ್ಯ? ತಗಾಸ್ತೆಯ ಬೀದಿಗಳಲ್ಲಿ ಅಲೆದ ತರುಣನನ್ನು ವೃದ್ಧನಾದ ಬಿಷಪ್ಪನು ಇಲ್ಲಿ ಅರ್ಧದಷ್ಟು ಮನ್ನಿಸಿದಂತೆ ಕಾಣುತ್ತದೆ.

ಈ ವಿಚಾರವೆಲ್ಲ ಒಂದು ಲೌಕಿಕ ಪ್ರಶ್ನೆಯ ನೆಪದಿಂದ ಒಂದೆಡೆ ಕೂಡಿತು. ಸುಮಾರು ೪೨೧ರಲ್ಲಿ ನೋಲಾ ನಗರದ ಬಿಷಪ್ ಪೌಲೀನನು ಅಗಸ್ಟೀನನಿಗೆ ಪತ್ರ ಬರೆದನು. ಫ್ಲೋರಾ ಎಂಬ ತಾಯಿಯು ತನ್ನ ಮೃತನಾದ ಮಗ ಸಿನೆಗಿಯನನ್ನು ಸಂತ ಫೆಲಿಕ್ಸನ ಸಮಾಧಿಮಂದಿರದಲ್ಲಿ ಹೂಳಿಸಬೇಕೆಂದು ಬಯಸಿದ್ದಳು. ಸಂತರ ಪಕ್ಕದಲ್ಲಿ ಮಲಗುವುದರಿಂದ ಮೃತನಿಗೆ ಪ್ರಯೋಜನವುಂಟೆ? ಇದಕ್ಕೆ ಉತ್ತರವಾಗಿ ಬಂದುದು ‘ಮೃತರ ವಿಷಯದಲ್ಲಿ ವಹಿಸತಕ್ಕ ಎಚ್ಚರ’ ಎಂಬ ಕಿರುಗ್ರಂಥ. ೪೧೦ರಲ್ಲಿ ರೋಮು ಸೂರೆಯಾದಾಗ ಅನೇಕ ಕ್ರೈಸ್ತರ ಶವಗಳು ಹೂಳದೆಯೇ ಉಳಿದುಹೋಗಿದ್ದವು. ೧೭೭ರಲ್ಲಿ ಗಾಲ್ ದೇಶದ ಹುತಾತ್ಮರ ದೇಹಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಯಲ್ಲಿ ಚೆಲ್ಲಿದ್ದರು. ಇವರಿಗೆ ಪುನರುತ್ಥಾನವು ತಪ್ಪೀತೆಂದು ಯಾವ ಭಕ್ತನೂ ಹೇಳಲಾರನು. ಆದುದರಿಂದ ಶವಸಂಸ್ಕಾರದ ಆಡಂಬರವು ಸತ್ತವರಿಗೆ ಸಹಾಯವಾಗುವುದಕ್ಕಿಂತ ಬದುಕಿರುವವರಿಗೆ ಸಮಾಧಾನವಾಗುವುದೇ ಹೆಚ್ಚೆಂದು ಆತನ ಸಿದ್ಧಾಂತ. ಹಾಗೆಂದು ದೇಹವನ್ನು ತಿರಸ್ಕರಿಸಬಾರದು. ತಂದೆಯ ಉಂಗುರವೂ ಬಟ್ಟೆಯೂ ಮಕ್ಕಳಿಗೆ ಪ್ರಿಯವಾಗುವುದಾದರೆ, ಬಟ್ಟೆಗಿಂತ ಹತ್ತಿರವಾದ ದೇಹವು ಇನ್ನೆಷ್ಟು ಪ್ರಿಯವಾಗಬೇಡ? ಸಂತನ ಬಳಿಯ ಸಮಾಧಿಯಿಂದ ಇರುವ ಲಾಭವು ಇಷ್ಟೆ: ಅದನ್ನು ನೆನೆದಾಗಲೆಲ್ಲ ತಾಯಿಗೆ ಪ್ರಾರ್ಥಿಸಲು ಮನಸ್ಸಾಗುತ್ತದೆ. ಫಲವು ಆ ಪ್ರಾರ್ಥನೆಯದು, ಸ್ಥಳದ್ದಲ್ಲ. ಪ್ರಾರ್ಥನೆ, ಬಲಿಪೀಠದ ಅರ್ಪಣೆ, ದಾನಧರ್ಮ ಈ ಮೂರು ಮಾತ್ರ ಮೃತರನ್ನು ಮುಟ್ಟುತ್ತವೆ; ಅವೂ, ಬದುಕಿದ್ದಾಗ ಅದಕ್ಕೆ ಯೋಗ್ಯರಾಗಿ ನಡೆದವರನ್ನು ಮಾತ್ರ. ಓಸ್ತಿಯಾದ ಹಾಸಿಗೆಯಲ್ಲಿ ಮೋನಿಕಾ ಹೇಳಿದ್ದೂ ಇದೇ. ಆಫ್ರಿಕದಲ್ಲಿ ಸಮಾಧಿಗಳ ಬಳಿ ಅನ್ನಪಾನಗಳನ್ನಿಟ್ಟು ಭೋಜನ ಮಾಡುವ ವಾಡಿಕೆಯಿದ್ದಿತು. ಮೋನಿಕಾಳೇ ಗಂಜಿ ರೊಟ್ಟಿ ದ್ರಾಕ್ಷಾರಸಗಳನ್ನು ಮಿಲಾನಿನ ಸಮಾಧಿಗಳಿಗೆ ಒಯ್ದು, ಆಂಬ್ರೋಸನ ನಿಷೇಧವನ್ನು ಬಾಗಿಲು ಕಾಯುವವನಿಂದ ತಿಳಿದು ಹಿಂತಿರುಗಿದ್ದಳು. ಶ್ರಾದ್ಧಕರ್ಮವನ್ನು ಬಲ್ಲ ವಾಚಕರಿಗೆ ಆ ವಾಡಿಕೆಯ ಹಿಂದಿನ ಭಾವವು ಅಪರಿಚಿತವಾಗಿರಲಾರದು.

ಮೃತರು ನಮ್ಮನ್ನು ಬಲ್ಲರೆ ಎಂಬುದು ಮುಂದಿನ ಪ್ರಶ್ನೆ. ಸತ್ತವರು ಕನಸಿನಲ್ಲಿ ಬಂದು ಮಾತನಾಡುವರೆಂದು ಜನರು ನಂಬುತ್ತಿದ್ದರು. ಓಸ್ತಿಯಾದಲ್ಲಿ ಕೀರ್ತನೆ ಹಾಡಿದ ಎವೋದಿಯನೇ, ಊಜಾಲಿಸಿನ ಬಿಷಪ್ಪನಾದ ಮೇಲೆ, ತನ್ನ ಬಳಿಯಿದ್ದ ಲೇಖಕನೊಬ್ಬನು ಚಿಕ್ಕ ವಯಸ್ಸಿನಲ್ಲಿ ಸತ್ತಾಗ ಕಂಡ ಕನಸುಗಳನ್ನು ಕುರಿತು ಅಗಸ್ಟೀನನಿಗೆ ಬರೆದಿದ್ದನು. ಕಿರುಗ್ರಂಥದಲ್ಲಿ ಅಗಸ್ಟೀನನು ಮಿಲಾನಿನಲ್ಲಿ ತಾನು ಕೇಳಿದ್ದ ಒಂದು ಕಥೆಯನ್ನು ಹೇಳುತ್ತಾನೆ. ತಂದೆಯು ತೀರಿಸಿದ್ದ ಸಾಲವನ್ನು ಮಗನಿಂದ ಮತ್ತೆ ವಸೂಲು ಮಾಡಲು ಸಾಲಗಾರನು ಬಂದನು. ತಂದೆಯು ಕನಸಿನಲ್ಲಿ ಕಾಣಿಸಿಕೊಂಡು ರಸೀತಿಯು ಇರುವ ಸ್ಥಳವನ್ನು ಮಗನಿಗೆ ತೋರಿಸಿದನು. ಇದರಿಂದ ಸತ್ತ ತಂದೆಯೇ ಬಂದನೆಂದು ಸಿದ್ಧವಾಯಿತೆ? ಅಗಸ್ಟೀನನು ಇನ್ನೊಂದು ಸಂಗತಿಯನ್ನು ಪಕ್ಕದಲ್ಲಿಡುತ್ತಾನೆ. ಆತನ ಶಿಷ್ಯನಾದ ಯೂಲೋಗಿಯನು ಕಾರ್ಥೇಜಿನಲ್ಲಿ ಸಿಸೆರೋವಿನ ಅಲಂಕಾರಗ್ರಂಥವನ್ನು ಪಾಠ ಹೇಳುತ್ತಿದ್ದು, ಅರ್ಥವಾಗದ ಒಂದು ಭಾಗದಿಂದ ನಿದ್ರೆ ಬಾರದಿರುವಾಗ, ಅಗಸ್ಟೀನನೇ ಕನಸಿನಲ್ಲಿ ಬಂದು ಅದನ್ನು ವಿವರಿಸಿದನು. ಆಗ ಅಗಸ್ಟೀನನು ಸಮುದ್ರದಾಚೆ ಮಿಲಾನಿನಲ್ಲಿ ಬೇರಾವುದೋ ಕೆಲಸದಲ್ಲಿದ್ದನು. ಈ ಕನಸಿನ ಸುಳಿವೂ ಆತನಿಗಿರಲಿಲ್ಲ. ಬದುಕಿರುವವನು ತನಗೆ ತಿಳಿಯದೆಯೇ ಬೇರೆಯವರ ಕನಸಿನಲ್ಲಿ ಕಾಣಿಸಿಕೊಳ್ಳುವುದಾದರೆ, ಸತ್ತವನು ಹಾಗೆಯೇ ಏಕೆ ಕಾಣಿಸಿಕೊಳ್ಳಬಾರದು? ಹದಿನಾರು ಶತಮಾನಗಳ ಹಿಂದಿನ ಈ ವಾದದ ಸೂಕ್ಷ್ಮತೆಯು ಇಂದಿಗೂ ಮೆಚ್ಚತಕ್ಕುದು.

ಇದರ ಬೆನ್ನಿಗೆ ಇಡೀ ಗ್ರಂಥದಲ್ಲಿಯೇ ಹೃದಯಸ್ಪರ್ಶಿಯಾದ ಮಾತು ಬರುತ್ತದೆ. ಮೃತರ ಆತ್ಮಗಳು ಬದುಕಿರುವವರ ವ್ಯವಹಾರದಲ್ಲಿ ಕೈಹಾಕುವಂತಿದ್ದರೆ, ನೆಲಜಲಗಳನ್ನು ದಾಟಿ ತನ್ನೊಡನಿರಲು ಬಂದ ತಾಯಿಯು ಒಂದು ರಾತ್ರಿಯೂ ತನ್ನನ್ನು ಬಿಟ್ಟಿರುತ್ತಿರಲಿಲ್ಲ. ಸುಖದಲ್ಲಿರುವಾಕೆಯು ಮಗನ ವ್ಯಥೆಯನ್ನು ಕಂಡೂ ಸಂತೈಸದಷ್ಟು ಕ್ರೂರಳಾಗಲು ಸಾಧ್ಯವಿಲ್ಲ. ಆಕೆಯು ಬರುವುದಿಲ್ಲ, ಆದುದರಿಂದ ಮೃತರು ಸಾಮಾನ್ಯವಾಗಿ ಇಲ್ಲಿಯ ಸಂಗತಿಗಳನ್ನು ಅರಿಯರು. ಹೊಸದಾಗಿ ಸತ್ತು ಹೋದವರಿಂದಲೋ, ದೇವದೂತರಿಂದಲೋ, ದೇವರ ಅಪ್ಪಣೆಯಿಂದಲೋ ತಿಳಿಯತಕ್ಕಷ್ಟನ್ನು ಮಾತ್ರ ತಿಳಿಯಬಹುದು. ತರ್ಕದ ದೃಷ್ಟಿಯಿಂದ ಇದು ಒಂದು ಪ್ರಮಾಣ ಮಾತ್ರ. ಆದರೆ ತಾಯಿಯು ತೀರಿಕೊಂಡು ಮೂವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ, ಮುಪ್ಪಿನ ಬಿಷಪ್ಪನು ಆಕೆಯು ಒಂದು ರಾತ್ರಿಯೂ ಬರಲಿಲ್ಲವೆಂಬುದನ್ನು ಪ್ರಮಾಣವಾಗಿ ಎತ್ತುವಾಗ, ಕಾಯ್ದವನ ಮಾತಿನಂತೆ ಅದು ಕೇಳಿಸುತ್ತದೆ. ತನ್ನ ಸಮಾಧಾನಕ್ಕೆ ಬೇಕಾಗಿದ್ದ ಒಂದು ನಂಬಿಕೆಯನ್ನು ಆತನು ಆಧಾರವಿಲ್ಲವೆಂದು ಬಿಟ್ಟುಕೊಟ್ಟನು. ಆಕೆಗಾಗಿ ಪ್ರಾರ್ಥಿಸುವುದನ್ನು ಬಿಡಲಿಲ್ಲ.

ಎಲ್ಲಿಯಾದರೂ ಇಡಿರೆಂದ ಆಕೆಯ ದೇಹದ ಕಥೆಯೂ ಇಲ್ಲಿ ಹೇಳತಕ್ಕುದು. ಅವಶೇಷಗಳನ್ನು ೧೪೩೦ರಲ್ಲಿ ರೋಮಿಗೆ ಒಯ್ದರು. ಅವು ಈಗ ಅಗಸ್ಟೀನನ ಹೆಸರಿನ ದೇವಾಲಯದಲ್ಲಿವೆ. ಆಕೆಯ ಸಮಾಧಿಯ ಮೇಲಿನ ಪದ್ಯವು ಹಸ್ತಪ್ರತಿಗಳಿಂದ ಮಾತ್ರ ತಿಳಿದಿದ್ದಿತು. ೧೯೪೫ರಲ್ಲಿ ಓಸ್ತಿಯಾದ ಸಂತ ಔರೆಯಾ ದೇವಾಲಯದ ಬಳಿ ಆಟದ ಕಂಬ ನೆಡಲು ಹುಡುಗರು ಗುಂಡಿ ತೋಡುತ್ತಿದ್ದಾಗ, ಅದೇ ಪದ್ಯದ ಭಾಗವನ್ನುಳ್ಳ ಅಮೃತಶಿಲೆಯ ತುಂಡೊಂದು ಸಿಕ್ಕಿತು.

ಅಗಸ್ಟೀನನ ಪತ್ರಗಳಲ್ಲಿ ಚಿಕ್ಕದೊಂದು ಈ ಸಿದ್ಧಾಂತಗಳ ಆಚರಣೆಯನ್ನು ತೋರಿಸುತ್ತದೆ. ಸಾಪಿದಾ ಎಂಬ ವ್ರತಸ್ಥ ಕನ್ಯೆಯು, ಕಾರ್ಥೇಜಿನ ಸಭೆಯಲ್ಲಿ ಸೇವಕನಾಗಿದ್ದ ತನ್ನ ಸಹೋದರ ತಿಮೊಥೆಯನಿಗಾಗಿ ಕೈಯಾರೆ ಒಂದು ಅಂಗಿಯನ್ನು ನೆಯ್ದಿದ್ದಳು. ಅದನ್ನು ತೊಡುವ ಮೊದಲೇ ಅವನು ತೀರಿಕೊಂಡನು. ಆಕೆಯು ಅದನ್ನು ಅಗಸ್ಟೀನನಿಗೆ ಕಳುಹಿಸಿ, ಆತನು ಧರಿಸಿದರೆ ತನಗೆ ಸ್ವಲ್ಪ ಸಮಾಧಾನವಾಗುವುದೆಂದು ಬರೆದಳು. ಸಾಮಾನ್ಯವಾಗಿ ಇಂತಹ ಕಾಣಿಕೆಗಳಲ್ಲಿ ಬಿಗುವಾಗಿದ್ದ ಆತನು ಈ ಅಂಗಿಯನ್ನು ತಿರಸ್ಕರಿಸಲಿಲ್ಲ. ಉತ್ತರ ಬರೆಯುವ ಮೊದಲೇ ಅದನ್ನು ತೊಡಲು ಪ್ರಾರಂಭಿಸಿದ್ದನು. ಸಹೋದರನು ಬಂದು ಹೋಗುವುದನ್ನು ಕಾಣದೆ, ಅವನ ಮಾತನ್ನು ಕೇಳದೆ ಆಕೆಯು ಅಳುವುದು ಸಹಜವೆಂದು ಮೊದಲು ಒಪ್ಪಿಕೊಂಡನು. ಅನಂತರ, ಈ ಅಂಗಿಯನ್ನು ತೊಡಲಾರದವನು ಎಂದೂ ಹರಿಯದ ಅಮರತ್ವವನ್ನು ತೊಡುವನೆಂಬ ನಿರೀಕ್ಷೆಯು ಇನ್ನೆಷ್ಟು ದೊಡ್ಡ ಸಮಾಧಾನವೆಂದು ಸೂಚಿಸಿದನು. ಜೆರೋಮನು ಪೌಲಾಳಿಗೆ ಬರೆದ ಪತ್ರದ ಪಕ್ಕದಲ್ಲಿ ಇದನ್ನಿಟ್ಟು ಓದಿದರೆ ಇಬ್ಬರು ಗುರುಗಳ ಸ್ವಭಾವಭೇದವು ತಿಳಿಯುತ್ತದೆ.

ಮುಂದಿನ ಕಾಲದಲ್ಲಿ ಈ ಸ್ವತ್ತು ಇಬ್ಭಾಗವಾಯಿತು. ಬಲಿಪೀಠದ ಸ್ಮರಣೆಯನ್ನು ರೋಮನ್ ಸಭೆಯು ಬೆಳೆಸಿಕೊಂಡು ಬಂದಿತು; ಕ್ಲೂನಿ ಮಠದ ಅಧಿಪತಿ ಓದಿಲೋ ಹನ್ನೊಂದನೆಯ ಶತಮಾನದಲ್ಲಿ ನವೆಂಬರ್ ೨ನೆಯ ದಿನವನ್ನು ಸಕಲ ಮೃತರ ಸ್ಮರಣೆಗೆ ಮೀಸಲಿಟ್ಟುದು ಕ್ರಮೇಣ ಎಲ್ಲೆಡೆ ಹರಡಿತು. ಹದಿನಾರನೆಯ ಶತಮಾನದ ಸುಧಾರಕರು ಮೃತರಿಗಾಗಿ ಅರ್ಪಿಸುವ ಬಲಿಯನ್ನು ನಿರಾಕರಿಸಿದರು. ಅವರ ಮುಖಂಡ ಲೂಥರನು ಅಗಸ್ಟೀನನ ಹೆಸರನ್ನು ಹೊತ್ತ ಸಂನ್ಯಾಸಿಗಳ ಪಂಗಡದಲ್ಲಿ ದೀಕ್ಷೆ ಪಡೆದಿದ್ದವನು. ೧೫೪೨ರ ಸೆಪ್ಟೆಂಬರಿನಲ್ಲಿ ಆತನ ೧೩ ವರ್ಷದ ಮಗಳು ಮಾಗ್ದಲೇನಳು ತಂದೆಯ ತೋಳುಗಳಲ್ಲಿಯೇ ಪ್ರಾಣಬಿಟ್ಟಾಗ, ಆಕೆಯು ಸುಖದಲ್ಲಿರುವಳೆಂದು ನಿಶ್ಚಯವಾಗಿ ಬಲ್ಲ ತನಗೆ ಇಷ್ಟು ದುಃಖವಾಗುವುದು ಎಂತಹ ವಿಚಿತ್ರವೆಂದು ಆತನು ಹೇಳಿದುದನ್ನು ಹತ್ತಿರವಿದ್ದವರು ಬರೆದಿಟ್ಟಿದ್ದಾರೆ. ಬಲಿಯ ವಿಷಯದಲ್ಲಿ ಅಗಸ್ಟೀನನನ್ನು ಬಿಟ್ಟವನು ಕಣ್ಣೀರಿನ ವಿಷಯದಲ್ಲಿ ಆತನ ಶಿಷ್ಯನಾಗಿಯೇ ಉಳಿದನು. ಕರ್ನಾಟಕದ ಕ್ರೈಸ್ತರಲ್ಲಿಯೂ ಈ ಎರಡು ಶಾಖೆಗಳುಂಟು. ಕರಾವಳಿಯಲ್ಲಿಯೂ ಒಳನಾಡಿನಲ್ಲಿಯೂ ಇರುವ ಕಥೋಲಿಕರು ನವೆಂಬರ್ ೨ರಂದು ಸಮಾಧಿಗಳಿಗೆ ಹೋಗಿ, ದೀಪಗಳನ್ನು ಹಚ್ಚಿ, ಮೃತರ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪರಂಪರೆಯವರು ಸಮಾಧಿಯ ಬಳಿ ಉಳಿದವರಿಗಾಗಿ ಪ್ರಾರ್ಥಿಸಿ, ಅಗಲಿದವರಿಗಾಗಿ ಕೃತಜ್ಞತೆಯನ್ನು ಸಲ್ಲಿಸುತ್ತಾರೆ.